ನನಗೆ ಕಡಲು ಕಲಿಸಿದ ಜವಾನ

ಹಳಿಯಾಳದ ಶಾಲೆಯೊಂದರಲ್ಲಿ ಆರನೆಯ ಇಯತ್ತೆಗೆ ‘ಸಮುದ್ರದ ಪ್ರಾಣಿಗಳು’ ಎಂಬ ಪಾಠ ಹೇಳತೊಡಗಿದಾಗ ನನಗೆ ಇಪ್ಪತ್ತಾರು ವರ್ಷ. ಅಲ್ಲಿಯವರೆಗೆ ನಾನು ಸಮುದ್ರವನ್ನು ಕಂಡಿರಲಿಲ್ಲ. ಮೂವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲವದು. ನನ್ನೂರು ಅಲ್ಲೇ ಹತ್ತಿರದ ಸಾಂಬ್ರಾಣಿ. ಜಿಲ್ಲೆಯ ಅರ್ಧ ಕಡಲ ದಂಡೆಯೇ ಆಗಿದ್ದರೂ ನಮ್ಮ ಕಡೆಯವರ ಪಾಲಿಗೆ ಕಡಲೆಂದರೆ ಕಚೇರಿ ಕೆಲಸಕ್ಕೆ ಹೋದವರು ಜ್ವರ ಹಿಡಿಸಿಕೊಂಡು ಬರುವ ದಿಕ್ಕು. ನಮ್ಮದು ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ ಇರುವ ಮನೆ. ಮೀನಿನ ಹೆಸರನ್ನು ಊಟದ ಹೊತ್ತಿನಲ್ಲಿ ಎತ್ತಿದರೆ ಅವ್ವ ತಾಟು ಸರಿಸಿ ಏಳುತ್ತಿದ್ದಳು.

ಪಾಠದ ಪುಸ್ತಕದಲ್ಲಿ ಒಂದೇ ಒಂದು ಚಿತ್ರವಿತ್ತು. ಮಸಿ ಹರಡಿ ಅದು ತಿಮಿಂಗಿಲವೋ ಕುಂಬಳಕಾಯಿಯೋ ತಿಳಿಯುವಂತಿರಲಿಲ್ಲ. ಅದನ್ನೇ ಎತ್ತಿ ತೋರಿಸಿ, “ಇದು ಜಗತ್ತಿನ ಎಲ್ಲಕ್ಕಿಂತ ದೊಡ್ಡ ಮೀನು, ಇದು ಸಾವಿರಗಟ್ಟಲೆ ತತ್ತಿ ಇಡತೈತಿ” ಎಂದು ಧೈರ್ಯವಾಗಿ ಹೇಳಿದೆ. ಮಕ್ಕಳು ಬರೆದುಕೊಂಡರು. ಆಗ ಕಿಟಕಿಯ ಹೊರಗೆ ಯಾರೋ ಮೂಗಿನಲ್ಲಿ ನಕ್ಕ ಸದ್ದು ಕೇಳಿಸಿತು. ನೋಡಿದರೆ ನಮ್ಮ ಶಾಲೆಯ ಜವಾನ, ಗಂಟೆ ಬಾರಿಸುವ ಕೋಲು ಹಿಡಿದು ನಿಂತಿದ್ದ.

ಶಾಲೆ ಬಿಟ್ಟ ಮೇಲೆ ಕರೆದು ಕೇಳಿದೆ. “ಯಾಕ ನಕ್ಕಿ?”

“ತಪ್ಪಾತ್ರೀ ಮಾಸ್ತರ್ರ.”

“ತಪ್ಪಿನ ಮಾತು ಬ್ಯಾರೆ. ಯಾಕ ನಕ್ಕಿ, ಅದನ್ನ ಹೇಳು.”

ಅವನು ಕೋಲಿನಿಂದ ನೆಲ ಕೆದರಿದ. ಆಮೇಲೆ ಹೇಳಿದ. “ಅದು ಮೀನ ಅಲ್ರಿ. ನಾ ಸಣ್ಣಾವ ಇದ್ದಾಗ ಒಂದು ಸತ್ತು ನಮ್ಮ ದಂಡಿಗೆ ಬಂದ ಬಿದ್ದಿತ್ತು. ಮಗ್ಗಲಾಗ ಅದರ ಮರಿ. ಅಪ್ಪ ಹೊಟ್ಟಿ ಕೆಳಗ ಒತ್ತಿದ್ರ ಹಾಲು ಬಂತ್ರಿ, ಎಮ್ಮಿ ಹಾಲಿಗಿಂತ ಗಟ್ಟಿ. ತತ್ತಿ ಇಡೂ ಪ್ರಾಣಿಗೆ ಹಾಲು ಎಲ್ಲಿಂದ ಬರಬೇಕ್ರಿ?”

ಮರುದಿನ ಮಕ್ಕಳಿಗೆ ಬರೆದದ್ದನ್ನು ಹೊಡೆದು ಹಾಕಲು ಹೇಳಿದೆ. “ಮತ್ತೊಂದು ಪುಸ್ತಕ ನೋಡಿದೆ” ಎಂದೆ. ನನ್ನ ಮೊದಲ ಸುಳ್ಳು ಅದು. ಎಷ್ಟು ಸಣ್ಣದಾಗಿತ್ತೆಂದರೆ ಅದು ಸುಳ್ಳೆಂದು ನನಗೆ ಅನಿಸಲೂ ಇಲ್ಲ.

ಅವನಿಗೆ ಆಗ ನಲವತ್ತರ ಆಸುಪಾಸು. ಎಡಗಾಲು ಎಳೆದು ನಡೆಯುತ್ತಿದ್ದ. ಮೀನು ಹಿಡಿಯುವ ಮನೆತನದವನು ಘಟ್ಟದ ಮೇಲೆ ಬಂದು ಗಂಟೆ ಬಾರಿಸುವಂತೆ ಮಾಡಿದ್ದು ಆ ಕಾಲು. ಬಲೆಯಿಂದ ಮೀನು ಬಿಡಿಸುವಾಗ ಮರಳಲ್ಲಿ ಚಪ್ಪಟೆಯಾಗಿ ಮಲಗಿದ್ದ ತೊರಕೆ ಮೀನನ್ನು ತುಳಿದಿದ್ದ. ತೊರಕೆಯ ಬಾಲದ ನಡುವೆ ಗರಗಸದಂಥ ಮುಳ್ಳು. ಅದರ ಹಲ್ಲುಗಳು ಹಿಂದಕ್ಕೆ ಬಾಗಿರುತ್ತವೆ. ಒಳಗೆ ಹೋಗುವುದು ಸಲೀಸು, ಹೊರಗೆ ಎಳೆದರೆ ಮಾಂಸವೇ ಕಿತ್ತು ಬರುತ್ತದೆ. ಕಾಲಿನ ಮೀನಖಂಡ ಕೊಳೆತು ಆರು ತಿಂಗಳು ಮಲಗಿದ. ಎದ್ದ ಮೇಲೆ ಅಲುಗಾಡುವ ದೋಣಿಯಲ್ಲಿ ಆ ಕಾಲು ನಿಲ್ಲಲಿಲ್ಲ. ಯಾರೋ ಕಂತ್ರಾಟುದಾರನ ಗಾಡಿಗಳ ಸಂಗಡ ಮರದ ಕೆಲಸಕ್ಕೆಂದು ಮೇಲೆ ಬಂದು, ಜೋಯಿಡಾ ಕಡೆಯ ಕೊಂಕಣಿ ಹೆಣ್ಣನ್ನು ಲಗ್ನವಾಗಿ, ಕೊನೆಗೆ ನಮ್ಮ ಶಾಲೆಗೆ ಸೇರಿಕೊಂಡಿದ್ದ. ನಮ್ಮ ಮಾತನ್ನು ನಮಗಿಂತ ಚೆನ್ನಾಗಿ ಆಡುತ್ತಿದ್ದ.

ಶನಿವಾರ ಮಧ್ಯಾಹ್ನ ಶಾಲೆ ಬೇಗ ಬಿಡುತ್ತಿತ್ತು. ಅವನು ಬೆಂಚುಗಳನ್ನು ಗೋಡೆಗೆ ಸರಿಸಿ ಕಸ ಹೊಡೆಯುವಾಗ ನಾನು ವಹಿ ಹಿಡಿದು ಕುಳಿತು ಅವನು ಹೇಳುವ ಕಡಲ ಸುದ್ದಿ ಬರೆದುಕೊಳ್ಳುತ್ತಿದ್ದೆ. ನಾನು ಕುರ್ಚಿಯಲ್ಲಿ, ಅವನು ನೆಲದಲ್ಲಿ. ಎರಡು ವರ್ಷ ಹೀಗೆ ನಡೆಯಿತು. ಒಂದು ದಿನವೂ “ಮ್ಯಾಲೆ ಕೂಡು” ಎಂದು ನಾನು ಹೇಳಲಿಲ್ಲ.

ಅವನು ಹೇಳುವ ರೀತಿಯೇ ಬೇರೆ. ಕೈಯಲ್ಲಿ ಕಸಬರಿಗೆ ಇರುತ್ತಿತ್ತು, ಅದೇ ಒಮ್ಮೆ ಮೀನಿನ ರೆಕ್ಕೆಯಾಗುತ್ತಿತ್ತು, ಒಮ್ಮೆ ಏಡಿಯ ಕಾಲಾಗುತ್ತಿತ್ತು. “ಮೋರಿ ಅಂತ ಒಂದ ಮೀನ ಐತ್ರಿ. ಅದರ ಮೈಯಾಗ ಒಂದೂ ಗಟ್ಟಿ ಎಲುಬಿಲ್ಲ. ಎಲ್ಲಾ ನಮ್ಮ ಕಿವಿ ಹಂಗ ಮಿದು. ಹಲ್ಲು ಮಾತ್ರ ಸಾಲಿನ ಹಿಂದ ಸಾಲು. ಮುಂದಿನ್ದು ಬಿದ್ರ ಹಿಂದಿನ್ದು ಮುಂದ ಸರೀತೈತಿ. ಮುದುಕ ಆದ್ರೂ ಬೊಚ್ಚ ಬಾಯಿ ಆಗೂದಿಲ್ಲ.” ಪುಸ್ತಕಗಳು ಶಾರ್ಕ್ ಎನ್ನುವುದು ಇದನ್ನೇ. ಲೋಳೆಮೀನಿನ ಬಗ್ಗೆ, “ಅದನ್ನ ಬಿಸಲಿಗೆ ಇಟ್ರ ಸಂಜೀ ಅನ್ನೂದ್ರಾಗ ಬರೇ ಕಲೆ ಉಳೀತೈತಿ, ಎಲ್ಲಾ ನೀರ. ಆದ್ರ ನೀರಾಗ ತೊಡಿಗೆ ತಾಕಿದ್ರ ಚಾಟೀಲೆ ಹೊಡದಂಗ ಬರಿ ಏಳತೈತಿ. ಸತ್ತು ದಂಡ್ಯಾಗ ಬಿದ್ದದ್ದೂ ಸುಡತೈತ್ರಿ” ಎಂದ.

ನಂಗು ಎಂಬ ಮೀನಿಗೆ ಎರಡೂ ಕಣ್ಣು ಒಂದೇ ಮಗ್ಗುಲಿಗೆ ಇರುತ್ತವೆ, ಇನ್ನೊಂದು ಮಗ್ಗುಲನ್ನು ನೆಲಕ್ಕೆ ಹಚ್ಚಿ ಅದು ಜೀವಮಾನ ಕಳೆಯುತ್ತದೆ. ಸನ್ಯಾಸಿ ಏಡಿಯ ಹೊಟ್ಟೆ ಮೆತ್ತಗೆ. ಸತ್ತ ಶಂಖದೊಳಗೆ ಹಿಂದುಹಿಂದಾಗಿ ಹೊಕ್ಕು ಕೂರುತ್ತದೆ, ಮೈ ಬೆಳೆದಂತೆ ದೊಡ್ಡ ಶಂಖ ಹುಡುಕಿ ಬದಲಿಸುತ್ತದೆ. ನಕ್ಷತ್ರಮೀನಿನ ತೋಳು ಮುರಿದರೆ ಮತ್ತೆ ಚಿಗುರುತ್ತದೆ. ಕಡಲಾಮೆ ಮರಳಲ್ಲಿ ತತ್ತಿ ಇಡುವಾಗ ಅದರ ಕಣ್ಣಿಂದ ಧಾರೆಯಾಗಿ ನೀರು ಸುರಿಯುತ್ತದೆ. “ದುಃಖಕ್ಕೇನು?” ಎಂದು ಕೇಳಿದೆ. “ಅದನ್ನ ಆಮೀಗೇ ಕೇಳಬೇಕ್ರಿ. ನೀರು ಬರತೈತಿ, ಅಷ್ಟ ನಾ ನೋಡೇನಿ” ಎಂದ. ತಾನು ನೋಡದ್ದನ್ನು ಅವನು ಎಂದೂ ಹೇಳುತ್ತಿರಲಿಲ್ಲ. ಮಾಸ್ತರಿಕೆಯಲ್ಲಿ ನನಗೆ ಬಾರದೆ ಹೋದ ಗುಣ ಅದು.

ಒಮ್ಮೆ ಮಾತ್ರ ನಾನು ಅವನನ್ನು ನಂಬಲಿಲ್ಲ. ಕಡಲಕುದುರೆಯಲ್ಲಿ ಬಸಿರು ಹೊರುವುದು ಗಂಡು, ಅದರ ಹೊಟ್ಟೆಯ ಚೀಲದಿಂದ ಮರಿಗಳು ಹೊರಬರುವುದನ್ನು ಕೊಡದೊಳಗಿನ ನೀರಿನಲ್ಲಿ ಕಂಡಿದ್ದೇನೆ ಎಂದ. ನಾನು ನಕ್ಕೆ. “ನನಗ ಹುಚ್ಚ ಮಾಡ್ತೀ ಏನು?” ಎಂದು ವಹಿ ಮುಚ್ಚಿದೆ. ಅವನು ಮತ್ತೆ ಕಸ ಹೊಡೆಯತೊಡಗಿದ. ಹಲವು ವರ್ಷಗಳ ನಂತರ ಧಾರವಾಡದಲ್ಲಿ ಒಂದು ದಪ್ಪ ಪುಸ್ತಕದಲ್ಲಿ ಅದೇ ಮಾತು ಓದಿದೆ. ಪುಸ್ತಕದಲ್ಲಿದ್ದುದರಿಂದ ತಕ್ಷಣ ನಂಬಿದೆ.

ಎರಡನೆಯ ವರ್ಷ ಅವನು ತಾಯಿಯನ್ನು ನೋಡಲು ಘಟ್ಟದ ಕೆಳಗೆ ಹೊರಟಾಗ, “ಏನರೆ ತರಾಕ ಬಂದ್ರ ತೊಗೊಂಡ ಬಾ, ಹುಡುಗರಿಗೆ ತೋರ್ಸೂಣು” ಎಂದೆ. ತಗಡಿನ ಟ್ರಂಕು ಹೊತ್ತು ಬಂದ. ಮೋಟಾರಿನವನು ವಾಸನೆಗೆ ಬೈದು ಅರ್ಧ ದಾರಿಯಲ್ಲಿ ಇಳಿಸಿದ್ದನಂತೆ. ಉಳಿದ ದಾರಿಯನ್ನು ಆ ಕಾಲಿನಲ್ಲೇ ನಡೆದಿದ್ದ. ಟ್ರಂಕಿನ ಒಳಗೆ ಬೂದಿ ಮತ್ತು ಉಪ್ಪಿನಲ್ಲಿ ಹುಗಿದ ಒಂದೊಂದನ್ನೇ ತೆಗೆದು ಇಟ್ಟ: ಒಣಗಿದ ನಕ್ಷತ್ರಮೀನು, ಎರಡು ಕಡಲಕುದುರೆ, ಮೋರಿಯ ದವಡೆ, ತೊರಕೆಯ ಬಾಲ, ಊದಿಕೊಂಡಂತೆಯೇ ಒಣಗಿದ ಮುಳ್ಳಿನ ಮೀನು, ಕೆಂಪು ಏಡಿಯ ಚಿಪ್ಪು, ಅಂಗೈಯಗಲದ ಬಿಳಿಯ ಹಗುರ ಎಲುಬುಗಳು. ಬಾಯಿಗೆ ಮೇಣ ಹಚ್ಚಿದ ಒಂದು ಗಾಜಿನ ಭರಣಿಯಲ್ಲಿ ಎಂಟು ಕಾಲಿನ ಸಣ್ಣ ಪ್ರಾಣಿಯೊಂದಿತ್ತು, ಸ್ಪಿರಿಟ್ಟಿನಲ್ಲಿ ಮುದುಡಿ ಕುಳಿತಂತೆ.

ಬಿಳಿಯ ಎಲುಬನ್ನು ಕೈಗೆ ಕೊಟ್ಟು ಅವನು ಹೇಳಿದ್ದನ್ನು ನಾನು ವಹಿಯಲ್ಲಿ ಬರೆದುಕೊಂಡೆ. ಮಸಿ ಕಾರುವ ಪ್ರಾಣಿ ಒಂದಿದೆ, ಹೆದರಿದರೆ ನೀರನ್ನೆಲ್ಲ ಕಪ್ಪು ಮಾಡಿ ಓಡುತ್ತದೆ, ಮೈಯ ಬಣ್ಣವನ್ನು ಕ್ಷಣಕ್ಕೊಂದರಂತೆ ಬದಲಿಸುತ್ತದೆ. ಅದರ ಬೆನ್ನೊಳಗಿನ ಎಲುಬು ಇದು. ಪ್ರಾಣಿ ಸತ್ತ ಮೇಲೆ ತೇಲಿ ದಂಡೆಗೆ ಬರುತ್ತದೆ. “ಪ್ಯಾಟ್ಯಾಗ ಇದಕ್ಕ ಸಮುದ್ರದ ನೊರಿ ಅಂತಾರ್ರಿ. ನೊರಿ ಎಲ್ಲರೆ ಗಟ್ಟಿ ಆಗತೈತೇನ್ರಿ? ಇದು ಒಂದ ಜೀವ ಆಗಿತ್ತು.”

ಒಂದು ಕಪಾಟು ಮಾಡಿದೆವು. ಮಾಡಿದವನು ಅವನು. ಹಲಗೆ ಕೊಯ್ದು, ಮೊಳೆ ಹೊಡೆದು, ಕರ್ಪೂರ ಇಟ್ಟ. ನಾನು ಸುಂದರ ಅಕ್ಷರದಲ್ಲಿ ಚೀಟಿ ಬರೆದು ಅಂಟಿಸಿದೆ. ಮಕ್ಕಳು ಮಧ್ಯಾಹ್ನದ ಬುತ್ತಿ ಬಿಟ್ಟು ಅದರ ಮುಂದೆ ನಿಲ್ಲುತ್ತಿದ್ದರು.

ಇನ್ಸ್‌ಪೆಕ್ಟರ್ ಸಾಹೇಬರು ಆ ವರ್ಷ ತಪಾಸಣೆಗೆ ಬಂದಾಗ ಕಪಾಟಿನ ಮುಂದೆ ಬಹಳ ಹೊತ್ತು ನಿಂತರು. ನನ್ನ ವಹಿಯನ್ನು ತಿರುವಿ ಹಾಕಿದರು. “ಕಾಡಿನ ಊರಾಗ ಸಮುದ್ರ ತಂದೀರಲ್ಲ! ಇದನ್ನೆಲ್ಲ ಹೆಂಗ ಕೂಡಿಸಿದಿರಿ?” ಎಂದು ಕೇಳಿದರು.

ಬಾಗಿಲಲ್ಲಿ ಅವನು ನೀರಿನ ತಂಬಿಗೆ ಮತ್ತು ಲೋಟ ಹಿಡಿದು ನಿಂತಿದ್ದ. ನನಗೆ ಕಾಣುತ್ತಿದ್ದ.

“ಎರಡು ವರ್ಷದಿಂದ ಅಭ್ಯಾಸ ಮಾಡಿ ಕೂಡಿಸೇನ್ರಿ ಸಾಹೇಬರ” ಎಂದೆ.

ಸಾಹೇಬರು ಸಂತೋಷದಿಂದ ಬಿಳಿಯ ಎಲುಬು ಎತ್ತಿಕೊಂಡರು. “ಇದು ನನಗೂ ಗೊತ್ತೈತಿ. ಸಮುದ್ರಫೇನ. ತೆರಿ ನೊರಿ ಒಣಗಿ ಗಟ್ಟಿ ಆಗಿದ್ದು. ನಮ್ಮ ಅಜ್ಜಿ ಕಿವಿ ಸೋರಿದ್ರ ಹಾಕ್ತಿದ್ಲು. ಹೌದಲ್ಲ?”

ಚೀಟಿಯಲ್ಲಿ ನನ್ನದೇ ಅಕ್ಷರದಲ್ಲಿ ಬೇರೆ ಬರೆದಿತ್ತು. ಸಾಹೇಬರು ಅದನ್ನು ನೋಡಿರಲಿಲ್ಲ. ನಾನು ಕೈ ಅಡ್ಡ ಇಟ್ಟು ಚೀಟಿ ಮರೆ ಮಾಡಿದೆ. “ಹೌದ್ರಿ ಸಾಹೇಬರ” ಎಂದೆ. ಮಕ್ಕಳು ಕೇಳಿಸಿಕೊಂಡರು. ಬಾಗಿಲಲ್ಲಿ ಲೋಟ ತಂಬಿಗೆಗೆ ತಾಗಿ ಸದ್ದಾಯಿತು.

ಸಾಹೇಬರ ಟಾಂಗಾ ಹೊರಟ ಮೇಲೆ ಅವನು ನನ್ನ ವರ್ಗಕ್ಕೆ ಬಂದ. ಹೊಗಳಿಕೆ ನನಗೆ ಹೋದದ್ದನ್ನು ಎತ್ತಬಹುದೆಂದು ಅಂಜಿದ್ದೆ. ಅದರ ಸುದ್ದಿಯೇ ಇಲ್ಲ.

“ಮಾಸ್ತರ್ರ, ಅದು ನೊರಿ ಅಂತ ಯಾಕ ಹೂಂ ಅಂದ್ರಿ? ನಿಮಗ ಗೊತ್ತಿತ್ತಲ್ರಿ.”

“ದೊಡ್ಡವರು ಅಂದಾಗ ಹೂಂ ಅನಬೇಕಾಗತೈತಿ.”

“ಹುಡುಗರು ಕೇಳ್ಯಾರ. ಇನ್ನ ಅವರು ಸಾಯೂತನಕ ಅದನ್ನ ನೊರಿ ಅಂತಾರ.”

“ನನಗ ಪಾಠ ಹೇಳಾಕ ಬಂದಿ ಏನು?” ಎಂದೆ. ನನ್ನ ಧ್ವನಿ ಏರಿತ್ತು. “ಗಂಟಿ ಬಾರಸೂ ಹೊತ್ತಾತು, ನಡಿ.”

ಅವನು ಹೋಗಿ ಗಂಟೆ ಬಾರಿಸಿದ. ಆ ಶನಿವಾರ ನಾನು ವಹಿ ತೆಗೆಯಲಿಲ್ಲ, ಮುಂದಿನ ಶನಿವಾರವೂ ತೆಗೆಯಲಿಲ್ಲ. ಅವನೆದುರು ಕೂರಲು ನನಗೆ ಆಗುತ್ತಿರಲಿಲ್ಲ. ನಾಚಿಕೆಯಾದಾಗ ಮನುಷ್ಯ ಕ್ಷಮೆ ಕೇಳುತ್ತಾನೆಂದು ಹೇಳುವವರಿದ್ದಾರೆ. ನನಗೆ ಬಂದದ್ದು ಸಿಟ್ಟು, ಅದೂ ಅವನ ಮೇಲೆ.

ಬೇಸಿಗೆ ಬಂತು. ಭರಣಿಯಲ್ಲಿ ಸ್ಪಿರಿಟ್ಟು ಇಳಿದಂತೆಲ್ಲ ತುಂಬಬೇಕು, ಮೇಣ ಬಿರುಕು ಬಿಟ್ಟರೆ ಹೊಸದು ಹಚ್ಚಬೇಕು ಎಂದು ಅವನು ಮೊದಲೇ ಹೇಳಿದ್ದ. ದವಾಖಾನೆಯಿಂದ ಸ್ಪಿರಿಟ್ಟು ತರುವುದು ನನ್ನ ಪಾಲಿನ ಕೆಲಸ. ಕಪಾಟಿನ ಬೀಗದ ಕೈ ನನ್ನ ಜೇಬಿನಲ್ಲಿತ್ತು. ಅವನು ಒಮ್ಮೆ ನೆನಪಿಸಿದ, ನಾನು ಕೇಳಿಸದಂತೆ ನಡೆದೆ. ಒಂದು ಸೋಮವಾರ ಬಾಗಿಲು ತೆಗೆದಾಗ ಇಡೀ ಶಾಲೆ ನಾರುತ್ತಿತ್ತು. ಎಂಟು ಕಾಲಿನ ಪ್ರಾಣಿ ಕೊಳೆತು ಲೋಳೆಯಾಗಿ ಭರಣಿಯ ಬಾಯಿಂದ ಉಕ್ಕಿ ಕಪಾಟಿನ ಹಲಗೆಗೆ ಇಳಿದಿತ್ತು. ಇಬ್ಬರು ಹುಡುಗಿಯರು ಅಲ್ಲೇ ವಾಂತಿ ಮಾಡಿಕೊಂಡರು.

ಮಧ್ಯಾಹ್ನದ ಹೊತ್ತಿಗೆ ಪೇಟೆಯ ಐದಾರು ಮಂದಿ ಹಿರಿಯರು ಬಂದರು. ನಮ್ಮವರೇ, ನಮ್ಮ ಮನೆಯ ಲಗ್ನಗಳಲ್ಲಿ ಮುಂದೆ ಕೂರುವವರು. ಒಬ್ಬರು ನನ್ನ ಮಾವನ ಗೆಳೆಯರು. “ಶಾರದೆ ಪೂಜಾ ಆಗೂ ಜಾಗಾದಾಗ ಮೀನಿನ ಹೆಣ ಕೊಳಸೀರಿ. ನಮ್ಮ ಮಕ್ಕಳು ಇದನ್ನ ಮುಟ್ಟಿ ಮನಿಗೆ ಬಂದು ಉಣ್ಣಬೇಕೇನು?” ಎಂದು ಹೆಡ್ ಮಾಸ್ತರರನ್ನು ಕೇಳಿದರು. ಹೆಡ್ ಮಾಸ್ತರರು ನನ್ನ ಕಡೆ ತಿರುಗಿದರು. “ಯಾರು ತಂದದ್ದು ಇದನ್ನ?”

ಯಾರು ಮಾಡಿದ್ದು ಎಂದು ಕೇಳಿದ್ದರೆ ಏನು ಹೇಳುತ್ತಿದ್ದೆನೋ. ಯಾರು ತಂದದ್ದು ಎಂದರು. ನನಗೆ ಅಷ್ಟು ಸಂದು ಸಾಕಾಯಿತು.

“ಜವಾನ ತಂದಾನ್ರಿ” ಎಂದೆ. ಅಷ್ಟಕ್ಕೇ ನಿಲ್ಲಲಿಲ್ಲ. “ಈ ಹಸೀದು ಬ್ಯಾಡ ಅಂತ ನಾ ಹೇಳಿದ್ದೆ. ಕೇಳಲಿಲ್ಲ.”

ಅವನನ್ನು ಕರೆಸಿದರು. “ನೀನ ತಂದಿ ಏನು?” ಎಂದರೆ “ಹೌದ್ರಿ” ಎಂದ. “ಮಾಸ್ತರು ಬ್ಯಾಡ ಅಂದಿದ್ರೇನು?” ಎಂದಾಗ ಅವನು ನನ್ನ ಮುಖ ನೋಡಿದ. ಬೇಡಿಕೊಳ್ಳುವ ನೋಟವಲ್ಲ. ನೀರಿನೊಳಗೆ ಏನಿದೆಯೆಂದು ನೋಡುವವರು ನೋಡುವಂತೆ ನೋಡಿದ. ಆಮೇಲೆ, “ಮಾಸ್ತರು ಅಂದಿದ್ರ ಅಂದಿರಬೇಕ್ರಿ” ಎಂದ.

ಕಪಾಟನ್ನು ಅವನ ಕೈಯಿಂದಲೇ ಊರ ಹೊರಗೆ ಹೊರಿಸಿ ಸುಡಿಸಿದರು. ಶಾಲೆಯ ಹೊಣೆ ಹೊತ್ತಿದ್ದವರು ಅದೇ ವಾರ ಅವನಿಗೆ ನಾಳೆಯಿಂದ ಬರಬೇಡ ಎಂದರು. ಅವನ ಹೆಂಡತಿ ಒಂದು ಸಂಜೆ ನಮ್ಮ ಮನೆಯ ಅಂಗಳಕ್ಕೆ ಬಂದಳು. ಅವಳಿಗೆ ನಮ್ಮ ಮಾತು ಅಷ್ಟಾಗಿ ಬಾರದು. “ತುಮಿ ಸಾಂಗಾ... ನೀವು ಹೇಳ್ರಿ ಮಾಸ್ತರ್ರ, ಒಂದ ಮಾತ ಹೇಳ್ರಿ” ಎಂದು ಎರಡೂ ಭಾಷೆಯಲ್ಲಿ ಅದನ್ನೇ ಹೇಳಿದಳು. “ನೋಡ್ತೇನಿ” ಎಂದೆ. ನೋಡಲಿಲ್ಲ. ಇನ್ಸ್‌ಪೆಕ್ಟರ್ ಸಾಹೇಬರ ಶಿಫಾರಸಿನಿಂದ ಮುಂದಿನ ವರ್ಷ ನಾನು ಮುಂಡಗೋಡದ ಕಡೆಯ ಮಳಗಿ ಊರಿಗೆ ಹೆಡ್ ಮಾಸ್ತರನಾಗಿ ಹೋದೆ. ಮನೆಯವರು ಪೇಢಾ ಹಂಚಿದರು.

ಮಳಗಿಯಲ್ಲೂ ಆ ಪಾಠ ಪ್ರತಿ ವರ್ಷ ಬರುತ್ತಿತ್ತು. ಪುಸ್ತಕದಲ್ಲಿ ಇದ್ದಷ್ಟನ್ನು ಓದಿ ಹೇಳಿ ಮುಗಿಸುತ್ತಿದ್ದೆ. ವಹಿ ಪೆಟ್ಟಿಗೆಯ ತಳದಲ್ಲಿತ್ತು.

ನಾಲ್ಕೈದು ವರ್ಷ ಕಳೆದ ಮೇಲೆ, ಯುದ್ಧದ ದಿನಗಳಲ್ಲಿ, ಮನೆಗೆ ತೊಲೆ ಬೇಕಾಗಿ ದಾಂಡೇಲಿಯ ಮರದ ಡಿಪೋಕ್ಕೆ ಹೋದೆ. ದಿಮ್ಮಿಗಳ ರಾಶಿಯ ನಡುವೆ ಸುತ್ತಿಗೆ ಹಿಡಿದು ಗುರುತು ಹೊಡೆಯುತ್ತಿದ್ದವನ ನಡಿಗೆಯನ್ನು ದೂರದಿಂದಲೇ ಗುರುತಿಸಿದೆ. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಸುತ್ತಿಗೆ ಕೆಳಗಿಟ್ಟು ಕೈ ಮುಗಿದ.

“ಬರ್ರಿ ಮಾಸ್ತರ್ರ. ತೊಲಿಗೆ ಬಂದ್ರೇನು? ಆ ಕಡೇದು ಬ್ಯಾಡ್ರಿ, ಒಳಗ ಪೊಳ್ಳು ಐತಿ. ಬರ್ರಿ, ತೋರಸ್ತೇನಿ.”

ಒಂದೊಂದು ದಿಮ್ಮಿಯನ್ನೂ ತಟ್ಟಿ ಕಿವಿಗೊಟ್ಟು ಆರಿಸಿ ಕೊಟ್ಟ. ಮರದ ವಿಷಯ ಬಿಟ್ಟು ಬೇರೆ ಮಾತಿಲ್ಲ. ತಾಯಿ ಹೇಗಿದ್ದಾಳೆಂದು ಕೇಳಿದೆ. “ಹೋದ್ಲ್ರಿ. ನಾ ಹೋಗಾಕ ಆಗಲಿಲ್ಲ” ಎಂದ. ಇಷ್ಟಾದ ಮೇಲೆ ನನಗೆ ತಡೆಯಲಾಗಲಿಲ್ಲ. “ಅವತ್ತ ನಾ ಸುಳ್ಳ ಹೇಳಿದೆ. ನಿನಗ ದ್ರೋಹ ಆತು” ಎಂದು ಶುರು ಮಾಡಿದೆ.

ಅವನು ಕೈಯೆತ್ತಿ ತಡೆದ. “ಅದನ್ನ ನನ್ನ ಮುಂದ ಹೇಳಬ್ಯಾಡ್ರಿ ಮಾಸ್ತರ್ರ. ಹೇಳಿ ನೀವು ಹಗರ ಆಗಿ ಹೋಗ್ತೀರಿ. ಕೇಳಿ ನಾ ಏನ ಮಾಡ್ಲಿ? ಎಲ್ಲಿ ಇಟಗೊಳ್ಲಿ?”

ಅಷ್ಟು ಹೇಳಿ ಸುತ್ತಿಗೆ ಎತ್ತಿಕೊಂಡ. ನಾನು ಗಾಡಿ ಹತ್ತುವವರೆಗೂ ಗುರುತು ಹೊಡೆಯುವ ಸದ್ದು ನಿಲ್ಲಲಿಲ್ಲ. ಮತ್ತೆ ಅವನನ್ನು ನೋಡಲಿಲ್ಲ. ಎರಡು ವರ್ಷದ ನಂತರ ವಿಚಾರಿಸಿದಾಗ ಡಿಪೋದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗಂಡ ಹೆಂಡತಿ ಗಂಟು ಕಟ್ಟಿಕೊಂಡು ಹೋದರು ಎಂದರು ಅಷ್ಟೆ.

ಸ್ವಾತಂತ್ರ್ಯ ಬಂದ ವರ್ಷದ ಚಳಿಗಾಲದಲ್ಲಿ ಶಿಕ್ಷಕರ ಸಭೆಯೊಂದಕ್ಕೆಂದು ನಾನು ಮೊದಲ ಬಾರಿ ಕಾರವಾರಕ್ಕೆ ಹೋದೆ. ಬೆಳಿಗ್ಗೆ ದಂಡೆಯಲ್ಲಿ ಬಲೆ ಎಳೆಯುತ್ತಿದ್ದರು. ಹೆಂಗಸರು ಮೀನು ಆರಿಸಿ ಬೇಡದ್ದನ್ನು ಮರಳಿಗೆ ಎಸೆಯುತ್ತಿದ್ದರು. ನಾನು ಹತ್ತಿರ ಹೋಗಿ ನಿಂತೆ. ನಂಗು, ತೊರಕೆ, ಎರಡು ಕೈಯಗಲದ ಮೋರಿಯ ಮರಿ, ಶಂಖ ಹೊತ್ತು ನಡೆಯುತ್ತಿದ್ದ ಸನ್ಯಾಸಿ ಏಡಿ, ಎಲ್ಲವನ್ನೂ ನಾನು ಬಲ್ಲೆ. ಒಬ್ಬ ಹುಡುಗಿ ಲೋಳೆಮೀನನ್ನು ತುಳಿಯಲಿದ್ದಾಗ, “ಸತ್ತದ್ದೂ ಸುಡತೈತಿ, ಸರಿ” ಎಂದು ಕೂಗಿದೆ.

ವಯಸ್ಸಾದ ಹೆಂಗಸೊಬ್ಬಳು ನನ್ನ ವಿಭೂತಿ ನೋಡಿ, ಧೋತರ ನೋಡಿ ನಕ್ಕಳು. “ಘಟ್ಟದವರಿಗೆ ಇದೆಲ್ಲ ಹೆಂಗೆ ಗೊತ್ತು?”

“ನಿಮ್ಮ ಪೈಕಿ ಒಬ್ಬ ನನಗ ಕಲಿಸ್ಯಾನ” ಎಂದೆ. ಆ ಮಾತನ್ನು ಒಬ್ಬರ ಮುಂದೆ ಹೇಳಿದ್ದು ಅದೇ ಮೊದಲು.

“ಹೌದಾ? ಯಾವ ಊರಿನವ?”

ಎರಡು ವರ್ಷ ಪ್ರತಿ ಶನಿವಾರ ಅವನ ಮುಂದೆ ಕುಳಿತು ಕಡಲಿನ ಒಂದೊಂದು ಹುಳದ ಹಲ್ಲು, ಕಾಲು, ತತ್ತಿ ಎಲ್ಲ ಕೇಳಿ ಬರೆದುಕೊಂಡಿದ್ದೆ. ಅವನ ಊರು ಯಾವುದೆಂದು ಕೇಳಿರಲಿಲ್ಲ.

ಹೆಂಗಸು ಸ್ವಲ್ಪ ಹೊತ್ತು ಕಾದು ಮತ್ತೆ ಮೀನು ಆರಿಸತೊಡಗಿದಳು.